ತುಘಲಕನ ಕರಾಳ ಹೆಸರು ನ್ಯಾಯವೇ?

ಪರ

ಪತ್ರಿಕೆಗಳಲ್ಲಿ ‘ತುಘಲಕ್ ದರ್ಬಾರ್’ ಎಂದರೆ ತಲೆಬುಡವಿಲ್ಲದ ಆಡಳಿತ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನಿಗೆ (ಆಳ್ವಿಕೆ 1325–51) ಆ ಮಾತು ರಿಯಾಯಿತಿಯೇ ಸರಿ. ಹುಚ್ಚಿನ ಹೆಸರಿನಲ್ಲಿ ಅವನ ಕ್ರೌರ್ಯ ಮರೆಯಾಗಿದೆ.

ಸಾಗರದ (ಈಗಿನ ಯಾದಗಿರಿ ಜಿಲ್ಲೆಯ ಸಗರ) ಅಧಿಕಾರಿ ಬಹಾವುದ್ದೀನ್ ಗುರ್ಷಾಸ್ಪ್ ಅವನ ಸೋದರತ್ತೆಯ ಮಗ. ದಂಗೆಯೆದ್ದು ಸೋತು ನಮ್ಮ ಕಂಪಿಲಿಗೆ ಓಡಿಬಂದ. ನಂಬಿ ಬಂದವನನ್ನು ಅಲ್ಲಿನ ರಾಯ ಒಪ್ಪಿಸಲಿಲ್ಲ. ಅವನನ್ನು ದ್ವಾರಸಮುದ್ರಕ್ಕೆ ಸಾಗಹಾಕಿ ತಾನು ಹೋರಾಡಿ ಸತ್ತ, ಅಂತಃಪುರದವರು ಬೆಂಕಿಗೆ ಬಿದ್ದರು. ಹೊಯ್ಸಳ ಮೂರನೆಯ ಬಲ್ಲಾಳ ಮಾತ್ರ ಗುರ್ಷಾಸ್ಪ್‌ನನ್ನು ಹಿಡಿದುಕೊಟ್ಟ. ಮುಂದಿನದ್ದನ್ನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೇಳುತ್ತಾನೆ: ಜೀವ ಇರುವಾಗಲೇ ಚರ್ಮ ಸುಲಿಸಿದರು, ಮಾಂಸವನ್ನು ಅನ್ನದ ಜೊತೆ ಬೇಯಿಸಿ ಹೆಂಡತಿ ಮಕ್ಕಳಿಗೆ ಕಳಿಸಿದರು, ಚರ್ಮಕ್ಕೆ ಹುಲ್ಲು ತುಂಬಿ ಊರೂರು ತಿರುಗಿಸಿದರು. ಅದು ಸಿಂಧ್‌ಗೆ ಬಂದಾಗ ಅಲ್ಲಿನ ಅಧಿಕಾರಿ ಕಿಶ್ಲು ಖಾನ್ ಹೂಳಿಸಿದ. ಅದೇ ಅಪರಾಧವಾಯಿತು, ಜೀವಭಯದಿಂದ ಅವನೂ ದಂಗೆಯೆದ್ದ, ತಲೆ ಕಳೆದುಕೊಂಡ. ಹೆದರಿಸಲು ಕೊಟ್ಟ ಶಿಕ್ಷೆಯೇ ಮುಂದಿನ ದಂಗೆಗೆ ಬೀಜವಾದದ್ದು ಹೀಗೆ.

ಇವೆಲ್ಲ ಹಗೆಗಳ ಕಟ್ಟುಕಥೆ ಎನ್ನಬಹುದು. ಆದರೆ ಚಿಕ್ಕಪ್ಪನ ಮಗ, ಉತ್ತರಾಧಿಕಾರಿ ಫಿರೋಜ್ ಷಾ ಹಗೆಯಲ್ಲ. ಕೊಲೆಯಾದವರ ವಾರಸುದಾರರಿಗೆ, ಕೈಕಾಲು, ಕಣ್ಣು, ಮೂಗು ಕಳೆದುಕೊಂಡವರಿಗೆ ಪರಿಹಾರ ಕೊಟ್ಟು, ಸಾಕ್ಷಿ ಹಾಕಿಸಿ ಕ್ಷಮಾಪತ್ರ ಬರೆಸಿಕೊಂಡ. ಅವನ್ನು ಪೆಟ್ಟಿಗೆಯಲ್ಲಿಟ್ಟು ತುಘಲಕನ ಗೋರಿಯ ತಲೆದೆಸೆಯಲ್ಲಿ ಇರಿಸಿದ. ಇದನ್ನು ಹೇಳಿದವನು ಸ್ವತಃ ಫಿರೋಜ್‌.

ವಿರೋಧ

ಶಿಕ್ಷೆಗಳು ನಡೆದವು, ಅಲ್ಲಗಳೆಯುವುದಿಲ್ಲ. ಆದರೆ ಗುರ್ಷಾಸ್ಪ್ ಸತ್ತದ್ದು 1327ರ ಸುಮಾರಿಗೆ, ಇಬ್ನ್ ಬತೂತ ದೆಹಲಿ ತಲುಪಿದ್ದು 1334ರಲ್ಲಿ. ಅವನದು ಕೇಳಿದ ಮಾತು. ಸುಲ್ತಾನ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದ್‌ಗೆ ಬದಲಿಸಿದಾಗ ಅಲ್ಲಿಗೆ ಎಳೆದೊಯ್ದ ಕುರುಡನ ಒಂದು ಕಾಲು ಮಾತ್ರ ಊರು ಮುಟ್ಟಿತೆಂಬ ಕಥೆಯೂ ಅಂಥದ್ದೇ. ಅದೇ ಪ್ರಯಾಣದಲ್ಲಿ ಇತಿಹಾಸ ಬರೆದ ಕವಿ ಇಸಾಮಿಯ ತೊಂಬತ್ತು ವರ್ಷದ ಅಜ್ಜ ದಾರಿಯಲ್ಲೇ ಸತ್ತ. ಸುಲ್ತಾನನ ವಿರುದ್ಧ ಬಂಡೆದ್ದ ಬಹಮನಿಗಳ ಆಶ್ರಯದಲ್ಲಿ ಕೂತು ಮೊಮ್ಮಗ 1350ರಲ್ಲಿ ಬರೆದ. ಅವನ ನೋವು ನಿಜ, ಆದರೆ ಅವನ ಓದುಗರು ಯಾರೆಂಬುದನ್ನೂ ನೋಡಬೇಕು. ದೆಹಲಿಯಲ್ಲಿ ನಾಯಿ ಬೆಕ್ಕೂ ಉಳಿಯಲಿಲ್ಲ ಎಂದ ಆಸ್ಥಾನದ ಇತಿಹಾಸಕಾರ ಬರನಿಯ ಮಾತಿಗೆ 1327, 1328ರ ಸಂಸ್ಕೃತ ಶಾಸನಗಳು ಒಪ್ಪುವುದಿಲ್ಲ. ಅವು ಆ ಪಟ್ಟಣವನ್ನು ಹೊಗಳುತ್ತವೆ.

ಬರಗಾಲ ಬಂದಾಗ ದೆಹಲಿಯ ಜನಕ್ಕೆ ತಲೆಗೆ ದಿನಕ್ಕೆ ಒಂದೂವರೆ ರತಲ್‌ನಂತೆ (ಆಗಿನ ಒಂದು ತೂಕ) ಆರು ತಿಂಗಳ ಧಾನ್ಯ ಹಂಚಿಸಿದ್ದನ್ನೂ ಬರೆದವನು ಅದೇ ಇಬ್ನ್ ಬತೂತ. ಆ ಪುಟವನ್ನು ಯಾರೂ ನೆನೆಯುವುದಿಲ್ಲ.

ನಾಣ್ಯದ ವಿಷಯ ನೋಡಿ. ಸುಮಾರು 9 ಗ್ರಾಂ ತೂಗುವ ಹಿತ್ತಾಳೆ, ತಾಮ್ರದ ಬಿಲ್ಲೆಯ ಮೇಲೆ ‘ಸುಲ್ತಾನನಿಗೆ ವಿಧೇಯನಾದವನು ದಯಾಮಯನಿಗೆ ವಿಧೇಯ’ ಎಂದು ಕೊರೆಸಿ ಬೆಳ್ಳಿ ಟಂಕದ ಬೆಲೆ ಕಟ್ಟಿದ. ಅಕ್ಷರ ಬಿಟ್ಟರೆ ನಕಲಿಗೆ ಬೇರೆ ಅಡ್ಡಿಯೇ ಇರಲಿಲ್ಲ; ಅಚ್ಚು ಕೊರೆಯಬಲ್ಲ ಪ್ರತಿ ಅಕ್ಕಸಾಲಿಯ ಮನೆಯೂ ಟಂಕಸಾಲೆಯಾಯಿತು. ವ್ಯಾಪಾರ ನಿಂತಾಗ ಸುಲ್ತಾನ ಬಿಲ್ಲೆ ತಂದವರಿಗೆಲ್ಲ ಖಜಾನೆಯಿಂದ ಚಿನ್ನ ಬೆಳ್ಳಿ ಕೊಟ್ಟು ಹಿಂದಕ್ಕೆ ಪಡೆದ. ತಿರಸ್ಕೃತ ಬಿಲ್ಲೆಗಳು ತುಘಲಕಾಬಾದ್‌ನಲ್ಲಿ ಗುಡ್ಡೆಯಾಗಿ ಬಿದ್ದಿದ್ದವು.