ಪೇಡೆ ರೇಟಿಗೆ ರಟ್ಟು

ರಾಯಚೂರಿನ ತೀನ್ ಕಂದೀಲ್ ಹತ್ತಿರ ಚೆಂಡುಹೂವಿಗೆ ಐದು ರೂಪಾಯಿ ಇಳಿಸಲು ಕಾಲು ಗಂಟೆ ಚೌಕಾಸಿ ಮಾಡಿ, ಮೇಲೆ ಕೊಸರೂ ಹಾಕಿಸಿಕೊಳ್ಳುವ ಜನ ನಾವು. ಸ್ವೀಟಿನಂಗಡಿಗೆ ಬಂದರೆ ಮಾತ್ರ ಬಾಯಿ ಬಂದ್. ದೀಪಾವಳಿ ಹಿಂದಿನ ಸಂಜೆ, ಆ ಗದ್ದಲದಲ್ಲಿ, ತಕ್ಕಡಿ ಯಾರು ನೋಡುತ್ತಾರೆ? ಹುಡುಗ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಪೇಡೆ ಜೋಡಿಸುತ್ತಾನೆ, ಅರ್ಧ ಕಿಲೋ ತೋರಿಸಿದ್ದೇ ತಡ ಮುಚ್ಚಳ ಬಡಿದು ರಬ್ಬರ್ ಹಾಕುತ್ತಾನೆ. ಡಬ್ಬಿ 80 ಗ್ರಾಂ ಇದ್ದರೆ ಒಳಗಿರುವ ಪೇಡೆ 420 ಗ್ರಾಂ. ಕಿಲೋಗೆ 600 ರೂಪಾಯಿ ಲೆಕ್ಕದಲ್ಲಿ 48 ರೂಪಾಯಿ ಕೊಟ್ಟು ರಟ್ಟು ಕೊಂಡಂತಾಯಿತು. ಗೋಡಂಬಿ ಬರ್ಫಿಯಾದರೆ ಅದೇ ರಟ್ಟು ಇನ್ನೂ ತುಟ್ಟಿ!

ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ‘ಟೇರ್’ ಅನ್ನುವ ಗುಂಡಿ ಇರುವುದೇ ಇದಕ್ಕೆ. ಖಾಲಿ ಡಬ್ಬಿ ಇಟ್ಟು ಒತ್ತಿದರೆ ಸೊನ್ನೆ ಬರುತ್ತದೆ, ತುಂಬಿಸುವುದು ಆಮೇಲೆ. ಹುಡುಗ “ಎಲ್ಲಾ ಕಡೆ ಹಿಂಗಾ ತೂಗ್ತಾರಕ್ಕಾ” ಎಂದರೆ “ಸೊನ್ನೆ ಮಾಡಿ ತೂಗಪಾ” ಅನ್ನಿ. ಮನೆಯಿಂದ ಡಬ್ಬಿ ಒಯ್ದವರೂ ಸೊನ್ನೆ ಮಾಡಿಸಲೇಬೇಕು, ಸ್ಟೀಲು ರಟ್ಟಿಗಿಂತ ಭಾರ. ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು 1915ಕ್ಕೆ ಫೋನ್ ಹಚ್ಚಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಹತ್ತಿ ಮಾರಿದ ದುಡ್ಡು ಬಂಗಾರದಂಗಡಿಗೆ ಹೋಗುವ ಕಾಲವೂ ಇದೇ. ಒಡವೆ ಮೇಲೆ ಹಾಲ್‌ಮಾರ್ಕಿನ ಮೂರು ಗುರುತು ಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ತ್ರಿಕೋನ, ಶುದ್ಧತೆಯ ಅಂಕಿ (22 ಕ್ಯಾರೆಟ್ ಆದರೆ 916), ಮತ್ತು ಆ ಒಡವೆಗೇ ಕೊಟ್ಟ, ಅಕ್ಷರ-ಅಂಕಿ ಬೆರೆತ ಆರು ಸ್ಥಾನಗಳ ಗುರುತಿನ ಸಂಖ್ಯೆ ಎಚ್‌ಯುಐಡಿ. ಸಾಸಿವೆಗಿಂತ ಸಣ್ಣದಾಗಿ ಕೊರೆದಿರುತ್ತಾರೆ, ಭೂತಗನ್ನಡಿ ಕೇಳಿ. ಆ ಆರನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹೊಡೆದರೆ ಒಡವೆ ಯಾವ ಬಗೆಯದು, ಶುದ್ಧತೆ ಎಷ್ಟು ಎಂದು ಬರುತ್ತದೆ. ಕೈಯಲ್ಲಿ ಜುಮುಕಿ, ಆ್ಯಪಿನಲ್ಲಿ ಉಂಗುರ ಎಂದಿದ್ದರೆ ಅಂಗಡಿಯವರು ತರಿಸಿದ ಚಹಾ ಕುಡಿದು ಎದ್ದುಬನ್ನಿ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಮೂಗುಬೊಟ್ಟಿಗೆ ಜಗಳ ಬೇಡ.

ಇನ್ನು ಫೋನು. ಹಬ್ಬಕ್ಕೆ ಹಳೇ ಸಾಮಾನು ಖಾಲಿ ಮಾಡಲು ಮಂಚದ ಫೋಟೊ ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿದರೆ ಸಾಕು, ‘ಮಿಲಿಟರಿ’ಯವನೊಬ್ಬ ನೋಡದೆಯೇ ಒಪ್ಪಿ, ದುಡ್ಡು ಹಾಕುತ್ತೇನೆಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಮಂಚ ಮುಟ್ಟಿ ನೋಡದೆ ಕೊಳ್ಳುವವನು ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ. ಹಣ ಬರಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಮಂಚ ಮಾತ್ರ ಮನೆಯಲ್ಲೇ ಇರುತ್ತದೆ.

‘ಲಗ್ನಪತ್ರಿಕೆ’, ‘ಹಬ್ಬದ ಗಿಫ್ಟ್’ ಅಂತ ಬರುವ ಫೈಲಿನ ಹೆಸರಿನ ಬಾಲ ನೋಡಿ. ಪತ್ರಿಕೆ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಬಾಲದಲ್ಲಿ ಎಪಿಕೆ (.apk) ಇದ್ದರೆ ಅದೊಂದು ಆ್ಯಪು. ಹಾಕಿಕೊಂಡು ಮೆಸೇಜ್ ಓದಲು ಅನುಮತಿ ಕೊಟ್ಟರೆ ಒಟಿಪಿ ನಿಮಗಿಂತ ಮೊದಲು ಅದೇ ಓದುತ್ತದೆ. ಕಳಿಸಿದವರು ಸ್ವಂತ ಅತ್ತಿಗೆಯೇ ಇರಬಹುದು, ಅವರ ಫೋನಿಗೂ ಅದು ಹೊಕ್ಕಿರುತ್ತದೆ. ಕೊರಿಯರ್ ನೆಪದಲ್ಲಿ ಸ್ಟಾರ್, ಅಂಕಿ ಬೆರೆತ ಕೋಡ್ ಒತ್ತಿಸುವವರು ನಿಮ್ಮ ಕರೆಗಳನ್ನೇ ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ ರದ್ದು ಮಾಡಿ.

ದುಡ್ಡು ಹೋಗೇಬಿಟ್ಟಿದ್ದರೆ 1930ಕ್ಕೆ ಫೋನ್ ಹಚ್ಚಿ, ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಕಳಿಸಿದ ಆ್ಯಪಿನಲ್ಲಿ ಕಾಣುವ 12 ಅಂಕಿಯ ಯುಟಿಆರ್ (ಆ ವ್ಯವಹಾರದ ಗುರುತಿನ ಸಂಖ್ಯೆ), ಹೋದ ಮೊತ್ತ, ಹೊತ್ತು ಬರೆದಿಟ್ಟುಕೊಂಡು ಮಾತಾಡಿ, ಬ್ಯಾಂಕಿಗೂ ತಿಳಿಸಿ. ನಮ್ಮ ಕಡೆ ಮೊದಲ ಫೋನ್ ಹೋಗುವುದು ಸೋದರಮಾವನಿಗೆ. ಮಾವ “ಅಲ್ಲಲೇ, ನಿನಗ ಬುದ್ಧಿ ಎಲ್ಲಿತ್ತು?” ಎಂದು ಅರ್ಧ ಗಂಟೆ ಬೈಯುವಷ್ಟರಲ್ಲಿ ಆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ. ಮಾವನ ಸರದಿ ಎರಡನೆಯದಿರಲಿ. ಎಷ್ಟು ತಡವಾಗಿ ಫೋನ್ ಮಾಡಿದರೂ ಅವರ ಬೈಗುಳದಲ್ಲಿ ಕಡಿತವೇನೂ ಆಗುವುದಿಲ್ಲ.