ಹೂಂ ಅನ್ನುವ ತಲೆ

ಮೊನ್ನೆ ನಸುಕಿಗೆ ಶಿರಸಿ ಬಿಟ್ಟು, ನೂರು ಕಿಲೋಮೀಟರು ಹೊಂಡ ಎಣಿಸಿ, ಹುಬ್ಬಳ್ಳಿಯಲ್ಲಿ ಅಪ್ಪಯ್ಯನ ತಲೆಯ ಎಂ.ಆರ್.ಐ. ಮಾಡಿಸಿಕೊಂಡು ಬಂದೆ. ಇಪ್ಪತ್ತು ನಿಮಿಷದ ಕೆಲಸ ಅಂದಿದ್ದರು. ಒಂದೂಕಾಲು ಗಂಟೆ ಹಿಡಿಯಿತು.

ಅಪ್ಪಯ್ಯನಿಗೊಂದು ಚಟ. ಕವಳವಲ್ಲ, ಅದನ್ನು ಉಗಿಸಿಯೇ ಒಳಗೆ ಕಳಿಸಿದ್ದೆ. ಯಾರು ಏನೇ ಹೇಳಲಿ, ತಲೆಯಾಡಿಸಿ "ಹೂಂ" ಅನ್ನಬೇಕು. ಸೊಸೈಟಿ ಸಾಲಕ್ಕೆ ಜಾಮೀನು ಕೇಳಿದವರಿಗೂ ಹೂಂ, ಬೇಲಿ ಒಂದು ಮಾರು ಈಚೆ ಹಾಕ್ತೆ ಅಂದವರಿಗೂ ಹೂಂ. (ಆ ಒಂದು ಮಾರಿನಲ್ಲಿ ಈಗ ಅವರ ಮೆಣಸಿನ ಬಳ್ಳಿ ಜೋರಾಗಿದೆ.)

ತಲೆಗೆ ಪಂಜರದಂಥದ್ದು ತೊಡಿಸಿ, ಅಕ್ಕಪಕ್ಕ ಸ್ಪಂಜು ತುರುಕಿದರು. ಗಾಜಿನ ಈಚೆಯಿಂದ ಹುಡುಗ ಮೈಕಿನಲ್ಲಿ, "ಅಜ್ಜಾರ, ನಾಕ್ ನಿಮಿಷ ತಲಿ ಅಳ್ಳಾಡಿಸಬ್ಯಾಡ್ರಿ" ಅಂದ. ಅಪ್ಪಯ್ಯ ತಲೆಯಾಡಿಸಿದರು: ಹೂಂ. ಅಡಿಕೆ ಸುಲಿಯುವ ಮಷೀನಿನ ಹಾಗೆ ಡಗಡಗ ಶುರುವಾಯಿತು. "ಅಜ್ಜಾರ, ಅಳ್ಳಾಡಿದ್ರಿ!" "ಆತು, ಇನ್ನು ಅಲ್ಲಾಡ್ತ್ನಿಲ್ಲೆ." ಅದಕ್ಕೂ ಒಂದು ಹೂಂ. ಪರದೆ ನೋಡಿದರೆ ಅಪ್ಪಯ್ಯನ ತಲೆಯ ಹಿಂದೆ ಮುಂದೆ ಇನ್ನೆರಡು ತೆಳು ತಲೆ!

ಇದು ಫೋಟೋ ಅಲ್ಲವಂತೆ. ನಾಲ್ಕು ನಿಮಿಷ ಗೆರೆಗೆರೆಯಾಗಿ ಸಿಗ್ನಲ್ ಕೂಡಿಹಾಕಿ, ಕೊನೆಗೆ ಲೆಕ್ಕ ಮಾಡಿ ಚಿತ್ರ ಕಟ್ಟುವುದು. ಪ್ರತಿ ಗೆರೆಯಲ್ಲೂ ಇಡೀ ತಲೆಯ ಪಾಲಿರುವುದರಿಂದ ಒಂದು ಸಲ ಅಲ್ಲಾಡಿದರೂ ಇಡೀ ಚಿತ್ರ ಹಾಳು. ಹಾಲಿಗೆ ಹುಳಿ ಬಿದ್ದ ಹಾಗೆ.

"ಪ್ರೊಪೆಲರ್ ಹಾಕ್ತೇನಿ ತಡೀರಿ" ಅಂದ ಹುಡುಗ. 1999ರಲ್ಲಿ ಜೇಮ್ಸ್ ಪೈಪ್ ಅನ್ನುವವರು ತೋರಿಸಿಕೊಟ್ಟ ಉಪಾಯ. ಗೆರೆಗಳ ಕಟ್ಟನ್ನು ಫ್ಯಾನಿನ ರೆಕ್ಕೆಯ ಹಾಗೆ ತಿರುಗಿಸುತ್ತ ತೆಗೆಯುವುದು. ಪ್ರತಿ ರೆಕ್ಕೆಯೂ ನಟ್ಟನಡುವನ್ನು ಹಾದೇ ಹೋಗುತ್ತದಲ್ಲ, ಆ ನಡುಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ತಲೆ ಎಷ್ಟು ಹೊರಳಿತು ಅಂತ ತಿಳಿದು, ತಿದ್ದಬಹುದು. ಆದರೆ ತಲೆಯನ್ನು ಅಡ್ಡಡ್ಡ ಸೀಳಿ ನೋಡುವ ಚಿತ್ರದಲ್ಲಿ ಅದು ಚೆನ್ನಾಗಿ ತಿದ್ದುವುದು ಎಡಬಲ ಹೊರಳಿದ್ದನ್ನು. ಅಂದರೆ "ಇಲ್ಲ" ಅಂದದ್ದನ್ನು. "ಹೂಂ" ಅಂದರೆ ತಲೆ ಆ ಸೀಳನ್ನೇ ಬಿಟ್ಟು ಜಾರುತ್ತದೆ.

ಎಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅಡ್ಡಡ್ಡ ತಲೆಯಾಡಿಸದ ಮನುಷ್ಯನಿಗೆ ಇಂಥ ಮಷೀನು!

ಕೊನೆಗೆ ಹುಡುಗ ಮೈಕು ಬಂದ್ ಮಾಡಿದ. ಹೇಳುವವರೇ ಇಲ್ಲದಿದ್ದರೆ ಹೂಂ ಎಲ್ಲಿಂದ? ಅಪ್ಪಯ್ಯ ಕೊರಡಿನ ಹಾಗೆ ಬಿದ್ದುಕೊಂಡರು. ಗಾಜಿನಾಚೆ ಒಡೆದ ಹಿಮ್ಮಡಿ ಎರಡೇ ಕಾಣುತ್ತಿದ್ದವು. ಆಯಿ ಹೋದಮೇಲೆ ಮನೆಯಲ್ಲೂ ಸಂಜೆ ಹೊತ್ತು ಹೀಗೇ ಇರುತ್ತಾರೆ, ಜಗುಲಿಯಲ್ಲಿ.

ಚಿತ್ರ ಸ್ವಚ್ಛ ಬಂತು.

ಕೌಂಟರಿನಲ್ಲಿ, "ರಿಪೋರ್ಟ್ ನಾಳೆ ಹತ್ತಕ್ಕ ಬಂದ್ ತಗೊಂಡ್ ಹೋಗ್ರಿ" ಅಂದರು. ವಾಟ್ಸಾಪಿಗೆ ಕಳಿಸಿ ಅಂತ ಬಾಯಿ ತೆರೆದೆ. ಪಕ್ಕದಲ್ಲಿ ತಲೆ ಆಗಲೇ ಆಡಿಯಾಗಿತ್ತು.