ಹನ್ನೊಂದು ನಿಮಿಷದ ಕಂಪ್ಯೂಟರ್, ಹತ್ತು ನಿಮಿಷದ ಯುಪಿಎಸ್

ನಮ್ಮ ಮನೆಯ ಕಂಪ್ಯೂಟರ್ ಎದ್ದು ಕೆಲಸಕ್ಕೆ ಸಿದ್ಧವಾಗಲು 11 ನಿಮಿಷ ಬೇಕಾಗಿತ್ತು. ಅದರ ಪಕ್ಕದಲ್ಲಿದ್ದ ಯುಪಿಎಸ್ 10 ನಿಮಿಷಕ್ಕೆ ಕೈಚೆಲ್ಲುತ್ತಿತ್ತು. ಬೇರೆ ಊರಿನಲ್ಲಾದರೆ ಇದೊಂದು ತೊಂದರೆಯೇ ಅಲ್ಲ. ಆದರೆ ಸೋಮವಾರಪೇಟೆಯಿಂದ ಶಾಂತಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಮನೆ ಕಟ್ಟಿಕೊಂಡವನಿಗೆ ಮಳೆಗಾಲದಲ್ಲಿ ಕರೆಂಟು ಎಂಬುದು ಕಾಫಿಯನ್ನೂ ಕುಡಿಯದೆ ಹೊರಡುವ ನೆಂಟ. ಗಾಳಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಒರಗುತ್ತದೆ, ಊರೆಲ್ಲ ಕತ್ತಲಾಗುತ್ತದೆ. ಯುಪಿಎಸ್ ನಂಬಿಕೊಂಡು ತೋಟದ ಲೆಕ್ಕ ಬರೆಯೋಣವೆಂದು ಗುಂಡಿ ಒತ್ತಿದರೆ, ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬಂದು ಕುಳಿತು, ಬಾಣದ ಪಕ್ಕದಲ್ಲಿ ತಿರುಗುತ್ತಿದ್ದ ನೀಲಿ ಬಳೆ ಇನ್ನೇನು ನಿಲ್ಲಬೇಕು ಎನ್ನುವಷ್ಟರಲ್ಲಿ ಯುಪಿಎಸ್ ಉದ್ದವಾಗಿ ಕೂಗಿ ತಾನೂ ಮಲಗಿ ಅದನ್ನೂ ಮಲಗಿಸುತ್ತಿತ್ತು.

ಮೈಸೂರಿನಲ್ಲಿರುವ ತಂಗಿಯ ಮಗಳು ಫೋನಿನಲ್ಲಿ ರೋಗವನ್ನು ಪತ್ತೆ ಹಚ್ಚಿದಳು. "ಮಾವ, ಕಂಪ್ಯೂಟರ್ ಜೊತೆಗೆ ಬೇಡದ ಪ್ರೋಗ್ರಾಂಗಳೆಲ್ಲ ತಾವಾಗಿಯೇ ಶುರುವಾಗುತ್ತಿವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಸ್ಟಾರ್ಟ್‌ಅಪ್ ಅನ್ನುವ ಕಡೆ ನೋಡಿ" ಎಂದಳು. ನೋಡಿದೆ. ಮೂರು ವರ್ಷದ ಹಿಂದೆಯೇ ಕೆಟ್ಟು ಅಟ್ಟ ಸೇರಿದ ಪ್ರಿಂಟರಿನ ಶಾಯಿ ವಿಚಾರಿಸಲು ಒಂದು ಪ್ರೋಗ್ರಾಂ ಇನ್ನೂ ದಿನಾ ಬೆಳಿಗ್ಗೆ ಹಾಜರಾಗುತ್ತಿತ್ತು. ಬೇಸಿಗೆ ರಜೆಗೆ ಬಂದ ಮೊಮ್ಮಗ ಹಾಕಿಹೋದ ಆಟ, ನಾನು ಮಾರಿಬಿಟ್ಟ ಮೊಬೈಲಿನಿಂದ ಫೋಟೋ ತರಿಸಲು ಕಾದಿದ್ದ ಇನ್ನೊಂದು, ಒಂದೇ ಗಾಡಿಯನ್ನು ಎರಡು ಗೇಟಿನಲ್ಲಿ ನಿಲ್ಲಿಸಿ ತಪಾಸಣೆ ಮಾಡುವವರಂತೆ ಎರಡೆರಡು ಆಂಟಿವೈರಸ್‌ಗಳು. ಪ್ರತಿಯೊಂದರ ಮುಂದೆಯೂ ಅದರ ಹೊರೆ ಎಷ್ಟೆಂದು ಬರೆದಿತ್ತು. ಶುರುವಾಗುವಾಗ ಒಂದು ಸೆಕೆಂಡಿಗಿಂತ ಹೆಚ್ಚು ಸಿಪಿಯು ಸಮಯವನ್ನೋ 3 ಎಂಬಿಗಿಂತ ಹೆಚ್ಚು ಡಿಸ್ಕ್ ಓದು-ಬರಹವನ್ನೋ ಬೇಡುವ ಪ್ರೋಗ್ರಾಮಿಗೆ 'ಹೈ' ಎಂಬ ಪಟ್ಟ ಸಿಗುತ್ತದೆಯಂತೆ. ನಮ್ಮಲ್ಲಿ ಪಟ್ಟಾಭಿಷಿಕ್ತರೇ ಒಂಬತ್ತು ಮಂದಿ ಇದ್ದರು.

ಡಿಸೇಬಲ್ ಮಾಡಿದರೆ ಪ್ರೋಗ್ರಾಂ ಅಳಿದುಹೋಗುವುದಿಲ್ಲ, ತಾನಾಗಿ ಏಳುವುದನ್ನು ಮಾತ್ರ ನಿಲ್ಲಿಸುತ್ತದೆ ಎಂದು ಅವಳು ಧೈರ್ಯ ಹೇಳಿದ್ದೇ ತಡ, ಕತ್ತಿ ಕೈಗೆ ಬಂದ ಉತ್ಸಾಹದಲ್ಲಿ ಸಾಲಾಗಿ ಕಡಿದೆ. 11 ನಿಮಿಷ 6ಕ್ಕೆ ಇಳಿಯಿತು. ಆ ಸಂತೋಷದಲ್ಲಿ ಗೊಬ್ಬರದ ಲೆಕ್ಕ ತೆರೆದು 'ಯೂರಿಯಾ 4 ಚೀಲ' ಎಂದು ಟೈಪು ಮಾಡಿದರೆ, ಒಂದು ಕೊಂಬು, ಎರಡು ಒತ್ತು, ತಲೆಕಟ್ಟಿಲ್ಲದ ಒಂದು ಅರ್ಧ ಅಕ್ಷರ ಮೂಡಿದವು. ಕಡಿದವುಗಳ ಗುಂಪಿನಲ್ಲಿ ಕನ್ನಡ ಟೈಪು ಮಾಡಿಸುವ ನುಡಿ ತಂತ್ರಾಂಶವೂ ಸೇರಿಹೋಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವನು ಕನ್ನಡವನ್ನೇ ಬೇಡದ ಪ್ರೋಗ್ರಾಂ ಎಂದು ತೆಗೆದುಹಾಕಿದ ವಿಷಯವನ್ನು ಮನೆಯಲ್ಲಿ ಯಾರಿಗೂ ತಿಳಿಸದೆ ಅದನ್ನು ಮೊದಲಿನಂತೆ ಕೂರಿಸಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ 6 ನಿಮಿಷವನ್ನು 3 ಮಾಡುವ ಆಸೆ ಹುಟ್ಟಿತು. ಮತ್ತೆ ಫೋನು ಮಾಡಿದೆ. ಹೊರಗೆ ಮಳೆ ಜಡಿಯುತ್ತಿತ್ತು. ಹಂಚಿನ ಮೇಲಿನ ಸದ್ದಿನಲ್ಲಿ ಅವಳ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು. "ಎಂಎಸ್‌ಕಾನ್‌ಫಿಗ್ ಅನ್ನುವ ಸೆಟ್ಟಿಂಗು ತೆರೆದು ಸರ್ವೀಸಸ್‌ಗೆ ಹೋಗಿ. ಅಲ್ಲಿ ಎಲ್ಲವನ್ನೂ ಡಿಸೇಬಲ್ ಮಾಡುವ ಗುಂಡಿ ಇದೆ. ಆದರೆ ಮಾವ, ಅದಕ್ಕಿಂತ ಮೊದಲು..." ಎನ್ನುವಾಗ ಸಿಗ್ನಲ್ ಹೋಯಿತು. ಮೊದಲು ಮಾಡಬೇಕಾದ್ದು ಏನೆಂದು ತಿಳಿದಿದ್ದು ಮರುದಿನ: ಮೈಕ್ರೋಸಾಫ್ಟಿನ ಸರ್ವೀಸುಗಳನ್ನು, ಅಂದರೆ ಧ್ವನಿ, ಇಂಟರ್ನೆಟ್ಟು ಮುಂತಾದವನ್ನು ತೆರೆಮರೆಯಲ್ಲಿ ನಡೆಸುವ ಕೆಲಸಗಾರರನ್ನು, ಮರೆಮಾಡುವ ಚೌಕಕ್ಕೆ ಒಂದು ಗುರುತು ಹಾಕಬೇಕಾಗಿತ್ತು. ನಾನು ಹಾಕಲಿಲ್ಲ, ಗುಂಡಿ ಒತ್ತಿದೆ.

ಕಂಪ್ಯೂಟರ್ ಅದ್ಭುತವಾಗಿ, ಮೂರೇ ನಿಮಿಷದಲ್ಲಿ ಎದ್ದಿತು. ಏಳುವುದೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಬರುತ್ತಿರಲಿಲ್ಲ. ಸ್ಪೀಕರಿಗೆ ಧ್ವನಿಯಿಲ್ಲ, ಇಂಟರ್ನೆಟ್ಟಿಲ್ಲ, ಹೊಸದಾಗಿ ಕೊಂಡ ಪ್ರಿಂಟರಿನ ಹೆಸರು ಕೂಡ ಅದಕ್ಕೆ ನೆನಪಿಲ್ಲ. ಇಂಟರ್ನೆಟ್ಟಿಲ್ಲದ್ದರಿಂದ ತಂಗಿಯ ಮಗಳು ದೂರದಿಂದಲೇ ನೋಡಿ ಸರಿಪಡಿಸುವ ದಾರಿಯೂ ಮುಚ್ಚಿತು. ಹಿಂದೊಮ್ಮೆ ಮರಗಸಿಗೆಂದು ಬಂದ ಹೊಸ ಆಳೊಬ್ಬ ನೆರಳು ತೆಳುವಾಗಲೆಂದು ಮೆಣಸಿನ ಬಳ್ಳಿ ಹಬ್ಬಿದ್ದ ಹಲಸಿನ ಕೊಂಬೆಯನ್ನೇ ಬಳ್ಳಿ ಸಮೇತ ಇಳಿಸಿದಾಗ ನಾನು ಆಡಿದ ಮಾತುಗಳೆಲ್ಲ ಆ ಹೊತ್ತಿನಲ್ಲಿ ಒಂದೂ ಬಿಡದಂತೆ ನೆನಪಾದವು. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಬಂದು ನೋಡಿ, "ಮೇಷ್ಟ್ರೇ, ಬೇಗ ಎದ್ದಿದೆ ಪಾಪ, ಮಾಡೋಕೆ ಕೆಲಸ ಇಲ್ಲವಲ್ಲ!" ಎಂದರು.

ಮರುದಿನ ಸಿಗ್ನಲ್ ಬಂದಾಗ ಎಲ್ಲ ಸರ್ವೀಸುಗಳಿಗೂ ಗುರುತು ವಾಪಸು ಹಾಕಿ, ಬೇಡದ ಆಂಟಿವೈರಸನ್ನೂ ಆಟವನ್ನೂ ಪೂರ್ತಿಯಾಗಿ ಕಿತ್ತುಹಾಕಿದ ಮೇಲೆ ಲೆಕ್ಕ 5 ನಿಮಿಷಕ್ಕೆ ಬಂದು ನಿಂತಿತು. ಇನ್ನೂ ಇಳಿಯಬೇಕಾದರೆ ಗರಗರ ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ಬಿಟ್ಟು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಬೇಕು ಎಂದು ತಂಗಿಯ ಮಗಳು ಹೇಳಿದ್ದಾಳೆ. ಈ ಸಲದ ಕಾಫಿ ಕೊಯ್ಲು ಮುಗಿಯಲಿ ಎಂದಿದ್ದೇನೆ.

ಈಗ ಕರೆಂಟು ಹೋದರೂ 5 ನಿಮಿಷದ ಯುಪಿಎಸ್ ಮಿಗುತ್ತದೆ ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಮೊನ್ನೆ ಕತ್ತಲೆಯಲ್ಲಿ ಕುಳಿತು ಗೊಬ್ಬರದ ಲೆಕ್ಕ ಬರೆಯುತ್ತಿದ್ದಾಗ, "ರೀ, ಹೇಗೂ ಮಿಗುತ್ತದಲ್ಲ, ಚಟ್ನಿಗೆ ಒಂದೇ ಒಂದು ಸುತ್ತು" ಎಂದು ಮಿಕ್ಸಿ ಬಂದಿತು. ಪ್ಲಗ್ಗನ್ನು ಯುಪಿಎಸ್ಸಿನ ಬೆನ್ನಿಗೆ ಸಿಕ್ಕಿಸಿದವನೂ ನಾನೇ. ಯುಪಿಎಸ್ ತಡೆಯುವುದು 360 ವ್ಯಾಟ್, ಮಿಕ್ಸಿ 500 ವ್ಯಾಟಿನದು. ಚಟ್ನಿ ಅರ್ಧ ಸುತ್ತು ತಿರುಗಿತು. ಯೂರಿಯಾದ ನಾಲ್ಕು ಚೀಲವನ್ನು ನಾನಿನ್ನೂ ಸೇವ್ ಮಾಡಿರಲಿಲ್ಲ.